ಕಂಬಳಿ, ರೇಷ್ಮೆ ಮತ್ತು ಚರ್ಮದ ಸ್ಪರ್ಶಜ್ಞಾನ

ಚಿತ್ರದುರ್ಗ ಜಿಲ್ಲೆಯಲ್ಲಿ ನೆರೆಹೊರೆಯಾಗಿರುವ ಎರಡು ತಾಲ್ಲೂಕುಗಳು ಎರಡು ಬಗೆಯ ನೇಯ್ಗೆಗೆ ಹೆಸರಾಗಿವೆ. ಚಳ್ಳಕೆರೆಯದು ಕಂಬಳಿ, ಮೊಳಕಾಲ್ಮೂರಿನದು ರೇಷ್ಮೆ ಸೀರೆ. ನನ್ನಿವಾಳದ ಸುತ್ತಣ ಒಣಬಯಲಿನಲ್ಲಿ ಕುರಿ ಕಾಯುವವರ ಹೆಗಲ ಮೇಲೆ ಮೊದಲನೆಯದು, ಮದುವೆಯ ಹಸೆಯ ಮೇಲೆ ಎರಡನೆಯದು ಶೋಭಿಸುತ್ತದೆ. ಒಂದು ಚುಚ್ಚುತ್ತದೆ, ಮತ್ತೊಂದು ನುಣುಪಾಗಿದೆ ಎಂಬುದನ್ನು ಕಣ್ಣು ಮುಚ್ಚಿಯೂ ಹೇಳಬಹುದು. ಇತಿಹಾಸದ ವಿದ್ಯಾರ್ಥಿಗೆ ಇದು ಹೊರಗಿನ ವಿಷಯವೆಂದು ತೋರಬಹುದು. ಆದರೆ ಬಟ್ಟೆಯ ಬೆಲೆ, ಅದನ್ನು ಉಡುವವರ ಅಂತಸ್ತು, ಅದನ್ನು ನೇಯುವವರ ಜೀವನ ಇವೆಲ್ಲವೂ ಬಹುಮಟ್ಟಿಗೆ ಚರ್ಮದ ತೀರ್ಪನ್ನು ಅವಲಂಬಿಸಿವೆ. ಆ ತೀರ್ಪು ಹೇಗೆ ಹೊರಡುತ್ತದೆಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಚರ್ಮದಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಮೇಲಿನದು ಹೊರಚರ್ಮ. ಇದರ ತಳದಲ್ಲಿ ಹುಟ್ಟಿದ ಜೀವಕೋಶಗಳು ಮೇಲೇರುತ್ತ ಗಟ್ಟಿಯಾಗಿ, ಸತ್ತು, ಕೊನೆಗೆ ಹೊಟ್ಟಿನಂತೆ ಉದುರುತ್ತವೆ. ದೇಹದ ಬಹುಭಾಗದಲ್ಲಿ ಇದರ ದಪ್ಪ ಸುಮಾರು 0.1 ಮಿಲಿಮೀಟರ್ ಮಾತ್ರ. ಅಂಗೈ ಅಂಗಾಲುಗಳಲ್ಲಿ ಇದರ ಎಷ್ಟೋ ಪಾಲು ಹೆಚ್ಚು. ಇದರ ಕೆಳಗಿನದು ಒಳಚರ್ಮ. ರಕ್ತನಾಳ, ಬೆವರಿನ ಗ್ರಂಥಿ, ಕೂದಲಿನ ಬುಡ ಮತ್ತು ನರಗಳಿಗೆ ಇದೇ ಆಶ್ರಯ. ಇದರ ಅಡಿಯಲ್ಲಿ ಕೊಬ್ಬಿನ ಹಾಸು ಇದೆ.

ಸ್ಪರ್ಶವೆಂಬುದು ಒಂದೇ ಇಂದ್ರಿಯವೆಂದು ನಾವು ಲೆಕ್ಕ ಹಾಕುತ್ತೇವೆ. ಹತ್ತೊಂಬತ್ತನೆಯ ಶತಮಾನದ ಸಂಶೋಧನೆ ಈ ಎಣಿಕೆಯನ್ನು ಒಡೆಯಿತು. ಜರ್ಮನಿಯ ಮೈಸ್ನರ್ 1852ರಲ್ಲಿ ವರ್ಣಿಸಿದ ಕಣಗಳು ಬೆರಳ ತುದಿಯಲ್ಲಿ ದಟ್ಟವಾಗಿದ್ದು, ವಸ್ತು ಕೈಯಿಂದ ಜಾರುವುದನ್ನು ಒಡನೆಯೇ ತಿಳಿಸುತ್ತವೆ. 1875ರಲ್ಲಿ ಮರ್ಕೆಲ್ ಗುರುತಿಸಿದ ಕೋಶಗಳು ಅಂಚು ಮತ್ತು ನವುರಾದ ಏರುತಗ್ಗುಗಳನ್ನು ಅರಿಯುತ್ತವೆ. ಇಟಲಿಯ ಪಚೀನಿಯ ಹೆಸರಿನ ಕಣಗಳು ಈರುಳ್ಳಿಯಂತೆ ಪದರಪದರವಾಗಿ ಆಳದಲ್ಲಿ ಅಡಗಿದ್ದು, ಕಂಪನವನ್ನು ಗ್ರಹಿಸುತ್ತವೆ. ರುಫಿನಿಯ ಹೆಸರಿನವು ಚರ್ಮದ ಎಳೆತಕ್ಕೆ ಸ್ಪಂದಿಸುತ್ತವೆ. ಇವುಗಳಲ್ಲದೆ, ಯಾವ ಕವಚವೂ ಇಲ್ಲದ ಬರಿಯ ನರತುದಿಗಳು ಹೊರಚರ್ಮದವರೆಗೂ ಚಾಚಿರುತ್ತವೆ. ನೋವು, ತುರಿಕೆ, ಬಿಸಿ, ತಂಪು ಇವುಗಳ ಪಾಲಿಗೆ ಬರುತ್ತವೆ. ಒತ್ತಡವು ನರದಲ್ಲಿ ವಿದ್ಯುತ್ ಸಂಕೇತವಾಗುವ ಬಗೆಯಂತೂ ಬಹುಕಾಲ ಗೂಢವಾಗಿತ್ತು. 2010ರಲ್ಲಿ ಆರ್ಡೆಮ್ ಪಟಪೂಟಿಯನ್ ಮತ್ತು ಸಂಗಡಿಗರು ಇದಕ್ಕೆ ಕಾರಣವಾದ ಪೀಜೋ ಎಂಬ ಪ್ರೋಟೀನುಗಳನ್ನು ಕಂಡುಹಿಡಿದರು. 2021ರ ನೊಬೆಲ್ ಪಾರಿತೋಷಕದಲ್ಲಿ ಅವರು ಪಾಲುದಾರರಾದರು.

ನಮ್ಮ ಕಂಬಳಿಯ ಪ್ರಶ್ನೆಗೆ ಹತ್ತಿರವಾದುದು ಮ್ಯಾಕ್ಸ್ ಫಾನ್ ಫ್ರೇ 1890ರ ದಶಕದಲ್ಲಿ ನಡೆಸಿದ ಪ್ರಯೋಗ. ಆತನು ಬೇರೆಬೇರೆ ದಪ್ಪದ ಕೂದಲುಗಳನ್ನು ಕಡ್ಡಿಯ ತುದಿಗೆ ಅಂಟಿಸಿ ಚರ್ಮದ ಮೇಲೆ ಒತ್ತಿದನು. ಕೂದಲು ಒಂದು ಮಿತಿಯವರೆಗೆ ಒತ್ತಿ, ಅನಂತರ ಬಾಗುತ್ತದೆ. ಬಾಗಿದ ಮೇಲೆ ಒತ್ತಡ ಹೆಚ್ಚುವುದಿಲ್ಲ. ತೆಳುವಾದ ಕೂದಲು ಬೇಗ ಬಾಗಿ ಬರಿಯ ಮುಟ್ಟುವಿಕೆಯಾಗುತ್ತದೆ. ಬಿರುಸಾದುದು ಬಾಗದೆ ನಿಂತು ನೋವಾಗುತ್ತದೆ.

ಕಂಬಳಿಯ ಮೈಯಿಂದ ಹೊರಚಾಚಿದ ಒಂದೊಂದು ಎಳೆಯೂ ಇಂತಹ ಕೂದಲೇ ಸರಿ. 1988ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಸಂಶೋಧನೆಯೊಂದರಂತೆ, ಎಳೆಯ ತುದಿ ಸುಮಾರು 75 ಮಿಲಿಗ್ರಾಮ್ ಭಾರವನ್ನು ಬಾಗದೆ ಹೊತ್ತರೆ ನೋವಿನ ನರತುದಿಗಳು ಎಚ್ಚರಗೊಳ್ಳುತ್ತವೆ. ಸಾಮಾನ್ಯವಾಗಿ 30 ಮೈಕ್ರಾನಿಗಿಂತ ದಪ್ಪನೆಯ ಎಳೆಗಳಿಗೆ ಈ ಬಲವಿರುತ್ತದೆ. ಎಳೆಯ ದಪ್ಪ ಇಮ್ಮಡಿಯಾದರೆ ಬಾಗದಿರುವ ಶಕ್ತಿ ಹದಿನಾರು ಮಡಿಯಾಗುವುದು ಗಮನಾರ್ಹ. ಬಳ್ಳಾರಿ ಮತ್ತು ದಕ್ಕನಿ ತಳಿಗಳ ಕುರಿಯುಣ್ಣೆಯಲ್ಲಿ ಇಂತಹ ದಪ್ಪ ಎಳೆಗಳು ಹೇರಳ. ರೇಷ್ಮೆಯ ಎಳೆಯಾದರೋ ಸುಮಾರು 10ರಿಂದ 13 ಮೈಕ್ರಾನ್. ಅದು ನೂರಾರು ಮೀಟರು ಅಖಂಡವಾಗಿ ಬಿಚ್ಚಿಕೊಳ್ಳುವುದರಿಂದ ಚುಚ್ಚುವ ತುದಿಗಳೇ ವಿರಳ. ಆದುದರಿಂದ ಚುಚ್ಚುವುದು ಉಣ್ಣೆಯೆಂಬ ದ್ರವ್ಯದ ಗುಣವಲ್ಲ, ಎಳೆಯ ದಪ್ಪದ ಗುಣ. 20 ಮೈಕ್ರಾನಿನ ಮೆರಿನೋ ಉಣ್ಣೆ ಚುಚ್ಚದಿರುವುದೇ ಇದಕ್ಕೆ ಸಾಕ್ಷಿ. ಬಹುತೇಕ ಸಂದರ್ಭಗಳಲ್ಲಿ ಇದನ್ನು ಮೈಗೆ ಉಣ್ಣೆ ಒಗ್ಗದಿರುವ ರೋಗವೆಂದು ತಿಳಿಯುವುದೂ ತಪ್ಪು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಂತೆಯಲ್ಲಿ ಕಂಬಳಿಯನ್ನು ಕೊಳ್ಳುವವನು ಅಂಗೈಯಿಂದ ಸವರಿ ನೋಡುತ್ತಾನೆ. ಹಾಸುಹೊಕ್ಕಿನ ಬಿಗಿ, ನೂಲಿನ ಗಂಟು, ಹುಣಸೆ ಬೀಜದ ಗಂಜಿಯ ಬಿರುಸು ಇವನ್ನು ಅಂಗೈ ಚೆನ್ನಾಗಿ ಬಲ್ಲದು. ಆದರೆ ಅಲ್ಲಿ ಹೊರಚರ್ಮ ದಪ್ಪವಾದುದರಿಂದ ಎಳೆಯ ತುದಿ ನೋವಿನ ನರಕ್ಕೆ ನಾಟದು. ಅದೇ ಕಂಬಳಿ ಕತ್ತಿಗೆ ಸೋಕಿದಾಗ ಚುಚ್ಚುತ್ತದೆ. ಬೆವರಿನಿಂದ ಚರ್ಮ ಮೆತ್ತಗಾದರಂತೂ ಇನ್ನಷ್ಟು. ಒಂದೇ ಬಟ್ಟೆಯ ವಿಷಯದಲ್ಲಿ ಒಂದೇ ದೇಹ ಎರಡು ತೀರ್ಪುಗಳನ್ನು ಕೊಡುತ್ತದೆ, ಮತ್ತು ಎರಡೂ ಸತ್ಯ.

ಕಂಬಳಿ ಒರಟು, ಆದುದರಿಂದ ಕೀಳು ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಬಾಗದ ಎಳೆಯೇ ಕಂಬಳಿಗೆ ಬಾಳಿಕೆಯನ್ನು ಕೊಟ್ಟಿದೆ. ಮಳೆಯಲ್ಲಿ ಕೊಪ್ಪೆಯಾಗಿ ನಿಲ್ಲುವ ಗಡಸನ್ನೂ ಕೊಟ್ಟಿದೆ. ಕುರಿಗಾಹಿ ಅದನ್ನು ಅಂಗಿಯ ಮೇಲೆ ಹೊದೆಯುತ್ತಾನೆ, ನೆಲಕ್ಕೆ ಹಾಸುತ್ತಾನೆ. ಒಳ ಉಡುಪಾಗಿ ತೊಡುವುದಿಲ್ಲ. ಯಾವ ಬಟ್ಟೆ ಚರ್ಮದ ಯಾವ ಭಾಗಕ್ಕೆ, ಎಷ್ಟು ಸಮೀಪಕ್ಕೆ ತಕ್ಕುದೆಂಬ ವಿವೇಕ ಈ ಬಳಕೆಯಲ್ಲಿದೆ. ಒರಟು ಉಣ್ಣೆಗೆ ಬೆಲೆಯಿಲ್ಲವೆಂದು ಮಗ್ಗವನ್ನು ಕೈಬಿಡುವ ಮುನ್ನ, ಅದನ್ನು ರೇಷ್ಮೆಯ ಅಳತೆಗೋಲಿನಿಂದ ಅಳೆದೆವೆ ಎಂದು ನಾವು ಕೇಳಿಕೊಳ್ಳುವುದು ನ್ಯಾಯ. ಶಾಸನಗಳೂ ಕಡತಗಳೂ ದಾಖಲಿಸದ ಇಂತಹ ತಿಳಿವು ನೇಕಾರರ ಬೆರಳುಗಳಲ್ಲಿ ಉಳಿದಿದೆ. ನಮ್ಮ ವಿದ್ಯಾರ್ಥಿಗಳು ಅದನ್ನು ಕೇಳಿ, ಬರೆದಿಡುವುದು ಅಗತ್ಯ.