ವಿದೇಶದಲ್ಲಿ ಚಳಿಗಾಲ ಕಳೆದು ಮನೆಗೆ ಮರಳುವ ಹಿರಿಯ ಸದಸ್ಯರಿಗೆ



ಪ್ರತಿ ವರ್ಷ ಏಪ್ರಿಲ್ ತಿಂಗಳು ಬಂತೆಂದರೆ ಕೆಲವು ಹಿರಿಯ ಸದಸ್ಯರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬರುತ್ತಾರೆ. ಕೈಯಲ್ಲಿ ಅಮೇರಿಕೆಯ ಚಾಕಲೇಟಿನ ಪೊಟ್ಟಣ, ಕಣ್ಣಲ್ಲಿ ತೀರದ ನಿದ್ದೆ. ಸಿಬ್ಬಂದಿಗೆಲ್ಲ ಚಾಕಲೇಟು ಹಂಚಿ, ಕುರ್ಚಿಯಲ್ಲಿ ಕೂತ ಮೇಲೆ ಮೆಲ್ಲಗೆ ಕೇಳುತ್ತಾರೆ: "ನಮ್ಮ ಲೆಕ್ಕ ಒಂಚೂರು ನೋಡ್ರಿ, ಏನೇನು ಆಗೇದೋ ತಿಳೀವಲ್ದು."

ಈ ಲೇಖನ ಅಂಥವರಿಗಾಗಿ. ಅವರಿಗಿಂತ ಹೆಚ್ಚಾಗಿ, ಬರುವ ಅಕ್ಟೋಬರಿನಲ್ಲಿ ವಿಮಾನ ಹತ್ತಲಿರುವವರಿಗಾಗಿ. ಮರಳಿ ಬರುವುದು ಸುಗಮವಾಗಬೇಕಾದರೆ ಅದರ ಏರ್ಪಾಟು ಹೊರಡುವ ಮೊದಲೇ ಆಗಿರಬೇಕು. ಇಷ್ಟೇ ನಾವು ಹೇಳಬೇಕಾದ ಮಾತು. ಉಳಿದದ್ದೆಲ್ಲ ಅದರ ವಿವರ.

ನಮ್ಮವರ ಪ್ರಯಾಣ ತಲೆಕೆಳಗು

ಕೆನಡಾದ ನಿವೃತ್ತರು ಚಳಿಗಾಲ ಕಳೆಯಲು ಫ್ಲಾರಿಡಾಕ್ಕೆ ಹೋಗುತ್ತಾರೆ, ಇಂಗ್ಲೆಂಡಿನವರು ಸ್ಪೇನಿಗೆ. ಚಳಿ ಬಿಟ್ಟು ಬಿಸಿಲಿಗೆ ಹೋಗುವುದು ಅವರ ರೀತಿ. ನಮ್ಮವರು ಧಾರವಾಡದ ಅತಿ ಹಿತವಾದ ಹವೆಯ ನವೆಂಬರ್, ಡಿಸೆಂಬರ್ ಬಿಟ್ಟು ಹಿಮ ಬೀಳುವ ನಾಡಿಗೆ ಹೋಗುತ್ತಾರೆ. ಕಾರಣ ಹವೆಯಲ್ಲ, ಮಗಳ ಬಾಣಂತನ ಅಥವಾ ಮೊಮ್ಮಗುವಿನ ಪಾಲನೆ. ಹೆರಿಗೆ ಹವೆ ನೋಡಿ ಬರುವುದಿಲ್ಲವಲ್ಲ.

ಇದು ಇಂದು ನಿನ್ನೆಯ ಕಥೆಯಲ್ಲ. 1965ರಲ್ಲಿ ಅಮೇರಿಕೆಯ ವಲಸೆ ಕಾನೂನು ಬದಲಾಗಿ ನಮ್ಮ ದೇಶದ ಇಂಜಿನಿಯರುಗಳಿಗೆ, ಡಾಕ್ಟರರಿಗೆ ಬಾಗಿಲು ತೆರೆಯಿತು. ಆ ಹೊತ್ತಿಗೆ ಹುಬ್ಬಳ್ಳಿಯಲ್ಲಿ 1947ರ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜೂ 1957ರ ಮೆಡಿಕಲ್ ಕಾಲೇಜೂ ಇದ್ದವು. ಅಲ್ಲಿಂದಾಚೆ ನಮ್ಮ ಭಾಗದ ಮಕ್ಕಳು ಹೋಗುತ್ತಲೇ ಬಂದಿದ್ದಾರೆ. ಮಕ್ಕಳ ಹಿಂದೆ ತಂದೆ-ತಾಯಿ ಹೋಗುತ್ತಾರೆ, ತಿರುಗಿ ಬರುತ್ತಾರೆ. ಸಂದರ್ಶಕರ ವೀಸಾ ಹತ್ತು ವರ್ಷದ್ದೇ ಇದ್ದರೂ ಒಮ್ಮೆ ಒಳಹೊಕ್ಕರೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳ ವಾಸ. ಎಷ್ಟು ದಿನ ಎಂಬುದನ್ನು ಅಲ್ಲಿ ಇಳಿದಾಗ ಅಧಿಕಾರಿ ನಿರ್ಧರಿಸುತ್ತಾನೆ. ಆ ತಾರೀಖು ಮೀರಿ ಉಳಿದರೆ ವೀಸಾ ರದ್ದಾಗುತ್ತದೆ. ಆದ್ದರಿಂದ ಅಕ್ಟೋಬರ್ ಕೊನೆಗೆ ಹೋದವರು ಏಪ್ರಿಲಿಗೆ ಮರಳಲೇಬೇಕು.

ನಮ್ಮ ಮನೆಯಲ್ಲೇ ನಡೆದದ್ದು

ಕೆಲವು ವರ್ಷಗಳ ಹಿಂದೆ ನಮ್ಮ ಅಣ್ಣನವರು, ಅತ್ತಿಗೆಯವರು ಹೀಗೆ ನ್ಯೂಜೆರ್ಸಿಗೆ ಹೋದರು. ಅಣ್ಣ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮನೆ ಧಾರವಾಡದಲ್ಲಿ, ಪಾಲಿಗೆ ಬಂದ ಅಡಿಕೆ ತೋಟ ಯಲ್ಲಾಪುರದ ಕಡೆ. ಸ್ವೆಟರು, ಮೆಂತ್ಯದ ಹಿಟ್ಟು, ಅಂಟಿನ ಉಂಡೆ ಎಲ್ಲವನ್ನೂ ನೆನಪಿನಿಂದ ಕಟ್ಟಿಕೊಂಡರು. ಹಿಂದೆ ಬಿಟ್ಟುಹೋಗುವುದರ ಕಡೆ ಯಾರೂ ನೋಡಲಿಲ್ಲ.

ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರ ಕೊಡಲಾಗಲಿಲ್ಲ. ಡಿಸೆಂಬರಿನಿಂದ ಪಿಂಚಣಿ ನಿಂತಿತು. ಸಂಘದ ಬೆಳೆಸಾಲದ ಮರುಪಾವತಿ ಆ ಪಿಂಚಣಿ ಖಾತೆಯಿಂದಲೇ ಆಗಬೇಕಿತ್ತು. ಖಾತೆಯಲ್ಲಿ ಹಣ ಸಾಲದೆ ಮಾರ್ಚಿನ ಗಡುವು ತಪ್ಪಿತು. ಗಡುವು ತಪ್ಪಿದರೆ ಬಡ್ಡಿಯ ರಿಯಾಯಿತಿ ಹೋಗುತ್ತದೆಂಬುದು ಸದಸ್ಯರಿಗೆ ಗೊತ್ತೇ ಇದೆ. ಸಾಲಗಾರ ನಮ್ಮ ಒಡಹುಟ್ಟಿದ ಅಣ್ಣ, ಬಡ್ಡಿ ಬರೆದ ಕೈ ನಮ್ಮದು. ನಿಯಮ ಎಲ್ಲರಿಗೂ ಒಂದೇ. ಆದರೆ ಒಂದನ್ನು ಒಪ್ಪಿಕೊಳ್ಳಬೇಕು: ಗಡುವಿನ ನೋಟೀಸುಗಳ ಕಟ್ಟಿಗೆ ಸಹಿ ಹಾಕುವಾಗ ಅಣ್ಣನ ನೋಟೀಸಿಗೂ ಹಾಕಿದ್ದೆವು. ಅದು ಮುಚ್ಚಿದ ಮನೆಯ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಅವರು ಊರಲ್ಲಿಲ್ಲವೆಂದು ಬಲ್ಲ ನಾವೇ ಒಂದು ಫೋನು ಮಾಡಲಿಲ್ಲ.

ತೋಟದ್ದು ಇನ್ನೊಂದು ಕಥೆ. ಮರದ ಮೇಲಿನ ಫಸಲನ್ನು ಬಾಯಿಮಾತಿನ ಮೇಲೆ ಒಬ್ಬರಿಗೆ ಗುತ್ತಿಗೆ ಕೊಟ್ಟಿದ್ದರು. ಏಪ್ರಿಲಿನಲ್ಲಿ ಬಂದು ನೋಡಿದರೆ ಕೊನೆ ಎಣಿಸಿದವರಿಲ್ಲ, ತೂಕದ ಚೀಟಿ ಇಲ್ಲ, ಇಬ್ಬರ ಮಾತಿಗೂ ಸಾಕ್ಷಿಯಿಲ್ಲ. ಸಿಕ್ಕಿದ್ದನ್ನು ತೆಗೆದುಕೊಂಡು ಸುಮ್ಮನಾಗಬೇಕಾಯಿತು.

ಈ ಅನುಭವದ ಮೇಲೆ ಮುಂದಿನ ಸೂಚನೆಗಳನ್ನು ಬರೆಯುತ್ತಿದ್ದೇವೆ.

1. ಕಾಗದಪತ್ರ

ಜೀವಿತ ಪ್ರಮಾಣಪತ್ರ ಕೊಡುವುದು ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ವರ್ಷ ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. 2014ರ ನವೆಂಬರಿನಲ್ಲಿ ಬಂದ 'ಜೀವನ್ ಪ್ರಮಾಣ್' ವ್ಯವಸ್ಥೆಯಲ್ಲಿ ಕಚೇರಿಗೆ ಹೋಗದೆಯೂ ಇದನ್ನು ಮಾಡಬಹುದು. 2021ರಿಂದ ಬೆರಳಚ್ಚಿನ ಯಂತ್ರವೂ ಬೇಡ, ಮೊಬೈಲಿಗೆ ಮುಖ ತೋರಿಸಿದರೆ ಸಾಕು. ವಿದೇಶದಲ್ಲಿದ್ದರೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯ ಸಹಿ ಪಡೆದೂ ಕಳಿಸಬಹುದು. ನಿಮ್ಮ ಪಿಂಚಣಿ ಕೊಡುವ ಬ್ಯಾಂಕು ಇವುಗಳಲ್ಲಿ ಯಾವುದನ್ನು ಒಪ್ಪುತ್ತದೆಂಬುದನ್ನು ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿರಿ. ಒಮ್ಮೆ ತಪ್ಪಿದರೂ ಗಾಬರಿ ಬೇಡ. ಪ್ರಮಾಣಪತ್ರ ಕೊಟ್ಟ ಮೇಲೆ ನಿಂತ ಪಿಂಚಣಿ ಬಾಕಿ ಸಮೇತ ಬರುತ್ತದೆ. ಆದರೆ ನಡುವಿನ ತಿಂಗಳುಗಳ ತೊಂದರೆಯನ್ನು ಯಾರೂ ಕಟ್ಟಿಕೊಡುವುದಿಲ್ಲ.

ಎರಡನೆಯದು ಮೊಬೈಲ್ ನಂಬರು. ಇಂದು ಬ್ಯಾಂಕು, ಆಧಾರ್, ಪಿಂಚಣಿ ಎಲ್ಲದರ ಕೀಲಿಕೈ ಅದೇ. ಸಿಮ್ ಅನ್ನು 90 ದಿನ ಬಳಸದೆ ಇಟ್ಟರೆ ಕಂಪನಿ ಅದನ್ನು ನಿಲ್ಲಿಸಬಹುದು. ಆದ್ದರಿಂದ ರೀಚಾರ್ಜು ಮುಗಿಯದಂತೆ ನೋಡಿಕೊಳ್ಳಬೇಕು.

ಮೂರನೆಯದು ಮುಖ್ತಿಯಾರ್‌ಪತ್ರ. ನಂಬಿಕಸ್ಥರಿಗೆ ಇಂತಿಂಥ ಕೆಲಸಕ್ಕೆ ಮಾತ್ರ ಎಂದು ಸ್ಪಷ್ಟವಾಗಿ ಬರೆದು, ಊರಲ್ಲಿರುವಾಗಲೇ ವಕೀಲರ ಸಲಹೆಯಂತೆ ಮಾಡಿಸಿಡುವುದು ಕ್ಷೇಮ. ಅಲ್ಲಿ ಹೋದ ಮೇಲೆ ಮಾಡಿಸಿದರೆ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಬೇಕು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

2. ತೋಟ

ಚಳಿಗಾಲಕ್ಕೆ ಹೋಗುವವರು ಬಿಟ್ಟುಹೋಗುವುದು ಕೊಯ್ಲನ್ನು. ಅಡಿಕೆಯ ಕೊನೆಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲವೂ ಅದೇ ತಿಂಗಳುಗಳಲ್ಲಿ. ಅಡಿಕೆಯ ನಡುವೆ ಕಾಫಿ ಇಟ್ಟವರಿಗೆ ಅದರ ಹಣ್ಣು ಕೊಯ್ಲೂ ಆಗಲೇ. ಮಾರ್ಚ್-ಏಪ್ರಿಲಿನ ಹೂಮಳೆಯ ಹೊತ್ತಿಗೂ ಯಜಮಾನ ಊರಲ್ಲಿರುವುದಿಲ್ಲ. ಆದ್ದರಿಂದ ಫಸಲು ಗುತ್ತಿಗೆ ಕೊಡುವುದಾದರೆ ಒಂದು ಹಾಳೆಯಲ್ಲಾದರೂ ಕರಾರು ಬರೆದು ಇಬ್ಬರು ಸಾಕ್ಷಿ ಹಾಕಿಸಿರಿ. ಕೊಯ್ಲಿನ ದಿನ ನಿಮ್ಮ ಪರವಾಗಿ ನಿಂತು ಕೊನೆ ಎಣಿಸುವವರು, ತೂಕದ ಚೀಟಿ ಇಸಿದುಕೊಳ್ಳುವವರು ಯಾರೆಂಬುದು ಆ ಹಾಳೆಯಲ್ಲೇ ಇರಲಿ. ಮಾಲನ್ನು ಸಂಘದ ಮೂಲಕವೇ ವಿಕ್ರಿ ಮಾಡಿಸಿದರೆ ಹಣ ನೇರವಾಗಿ ಖಾತೆಗೆ ಬೀಳುತ್ತದೆ, ಲೆಕ್ಕ ನಮ್ಮ ಪುಸ್ತಕದಲ್ಲಿರುತ್ತದೆ.

ಬೇಸಿಗೆಗೆ ಹೋಗಿ ಅಕ್ಟೋಬರಿಗೆ ಮರಳುವವರಿಗೆ ತೊಡಕು ಬೇರೆ. ಕೊಳೆರೋಗದ ಔಷಧಿ ಹೊಡೆಯುವ ಕಾಲ ಅದೇ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗಾಲ ಹಿಡಿಯುವ ಹೊತ್ತಿಗೆ ಒಮ್ಮೆ, 40-45 ದಿನಗಳ ಮೇಲೆ ಇನ್ನೊಮ್ಮೆ ಹೊಡೆಯಬೇಕು. ಕೊನೆಗೌಡನಿಗೆ ಮುಂಗಡ ಕೊಟ್ಟು ದಿನ ಗೊತ್ತುಪಡಿಸದೆ ಹೋದರೆ ಮಳೆ ಕಾಯುವುದಿಲ್ಲ. ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಯೂ ಸೆಪ್ಟೆಂಬರ್ 25ರೊಳಗೆ ನಡೆಯುತ್ತದೆ. ಮಹಾಸಭೆಗಳ ಹಾಜರಿ ತಪ್ಪುತ್ತ ಹೋದರೆ ಮತದಾನದ ಹಕ್ಕಿಗೆ ಕುತ್ತು ಬರುತ್ತದೆಂಬುದನ್ನು ಮರೆಯಬಾರದು.

3. ಪೆಟ್ಟಿಗೆಯಲ್ಲಿ ಬೀಜ ಬೇಡ

ತೋಟಗಾರನ ಕೈ ಎಲ್ಲಿ ಹೋದರೂ ಸುಮ್ಮನಿರುವುದಿಲ್ಲ. ಅಲ್ಲಿಯ ಒಳ್ಳೆಯ ಬೆಣ್ಣೆಹಣ್ಣಿನ ಬೀಜ, ಗುಲಾಬಿಯ ಕಡ್ಡಿ, ಕಾಫಿಯ ಹಸಿರು ಬೀಜ ಬಟ್ಟೆಯ ನಡುವೆ ಸುತ್ತಿಕೊಂಡು ಬರುವ ಆಸೆಯಾಗುತ್ತದೆ. ಇದು 2003ರ ಸಸ್ಯ ಸಂಪರ್ಕ ನಿಷೇಧ ಆಜ್ಞೆಗೆ ವಿರುದ್ಧ. ಪರವಾನಿಗೆ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ತರುವಂತಿಲ್ಲ. ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ಕಾಫಿ ಬೆಳೆಗಾರರ ನಿದ್ದೆಗೆಡಿಸುವ ಕಾಯಿಕೊರಕ ಹುಳು ನಮ್ಮ ದೇಶದ್ದಲ್ಲ. 1990ರಲ್ಲಿ ನೀಲಗಿರಿಯ ಗುಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ನಮ್ಮ ರಾಜ್ಯದ ತೋಟಗಳಿಗೂ ಹಬ್ಬಿತು. ಒಬ್ಬರ ಪೆಟ್ಟಿಗೆಯ ಬೀಜ ಊರಿನ ತೋಟಗಳಿಗೆಲ್ಲ ಮುಳುವಾಗಬಹುದು.

4. ದೇಹ ಮತ್ತು ಮನೆ

ನ್ಯೂಜೆರ್ಸಿಗೂ ನಮಗೂ ಅಲ್ಲಿಯ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ, ಮಾರ್ಚಿನಲ್ಲಿ ಅವರು ಗಡಿಯಾರ ಮುಂದಿಟ್ಟ ಮೇಲೆ ಒಂಬತ್ತೂವರೆ. ದೇಹದೊಳಗಿನ ಗಡಿಯಾರ ಬೆಳಕನ್ನು ನೋಡಿ ನಡೆಯುವಂಥದು. ಅದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಆದ್ದರಿಂದ ನಿದ್ದೆ ದಾರಿಗೆ ಬರಲು ವಾರ-ಹತ್ತು ದಿನ ಹಿಡಿಯುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ ಓಡಾಡುವುದು, ಹಗಲು ಹೆಚ್ಚು ಮಲಗದಿರುವುದು, ಊಟವನ್ನು ಇಲ್ಲಿಯ ವೇಳೆಗೆ ಮಾಡುವುದು ಇದಕ್ಕೆ ಮದ್ದು. ವಿಮಾನದಲ್ಲಿ ತಾಸುಗಟ್ಟಲೆ ಕೂತರೆ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಆಗಾಗ ಎದ್ದು ನಡೆಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಯಾಣದ ದಿನದ ಪ್ರಮಾಣವನ್ನು ಡಾಕ್ಟರರಿಂದ ಮೊದಲೇ ಬರೆಸಿಕೊಳ್ಳಲಿ.

ಮೊದಲ ವಾರ ಯಾವ ವ್ಯವಹಾರದ ಮಾತೂ ಬೇಡ, ಸಹಿಯೂ ಬೇಡ. ತೋಟ ನೋಡುವ ಆತುರಕ್ಕೆ ಕಾರು ತಾವೇ ನಡೆಸಿಕೊಂಡು ಘಟ್ಟದ ಕಡೆ ಹೋಗುವುದಂತೂ ಬೇಡವೇ ಬೇಡ. ಮಧ್ಯಾಹ್ನದ ಹೊತ್ತು ರೆಪ್ಪೆ ತಾನಾಗಿ ಮುಚ್ಚುತ್ತದೆ.

ಮನೆಯ ಬಗ್ಗೆ ಎರಡೇ ಮಾತು. ಬರುವ ಎರಡು ದಿನ ಮೊದಲು ಯಾರಿಂದಲಾದರೂ ಬಾಗಿಲು ಕಿಟಕಿ ತೆರೆಸಿ, ತೊಟ್ಟಿಯ ಹಳೆಯ ನೀರು ಪೂರ್ತಿ ಬಿಟ್ಟು ತೊಳೆಸಿ, ಗೆದ್ದಲು ಹಿಡಿದಿದೆಯೇ ನೋಡಿಸಿರಿ. ಆ ದಿನದ ರಾತ್ರಿಯೂಟಕ್ಕೆ ಪಕ್ಕದ ಮನೆಯವರು ರೊಟ್ಟಿ ಕೊಟ್ಟರೆ ಸಂಕೋಚಪಡದೆ ಇಸಿದುಕೊಳ್ಳಿರಿ.

5. ಜನ

ಇದನ್ನು ಕೊನೆಗೆ ಇಟ್ಟಿದ್ದೇವೆ. ಬರೆಯಲು ಕಷ್ಟವಾದದ್ದೂ ಇದೇ.

ನಮ್ಮ ಅಣ್ಣನವರು ಮೂವತ್ತು ವರ್ಷ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಬೆಳಗಿನ ತಿರುಗಾಟಕ್ಕೆ ಹೋದವರು. ಜೊತೆಗೆ ನಾಲ್ಕು ಮಂದಿ ಗೆಳೆಯರು. ತಿರುಗಾಟ ಮುಗಿದ ಮೇಲೆ ಒಂದು ಚಹಾ, ಚಹಾದೊಂದಿಗೆ ಜಗತ್ತಿನ ಎಲ್ಲ ಸುದ್ದಿ. ಬಂದ ಮೂರನೆಯ ದಿನವೇ, ನಿದ್ದೆ ಬರದೆ ಐದಕ್ಕೆಲ್ಲ ಎದ್ದು, ಅಣ್ಣ ಮೈದಾನಕ್ಕೆ ಹೋದರು. ಮೂರು ಮಂದಿ ಇದ್ದರು. ನಾಲ್ಕನೆಯವರು ಎಲ್ಲಿ ಎಂದು ಕೇಳಿದಾಗ ಆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಜನವರಿಯಲ್ಲೇ ತೀರಿಹೋಗಿದ್ದರು.

ನಮಗೆ ಗೊತ್ತಿತ್ತು. ಮಣ್ಣಿಗೂ ನಾವು ಹೋಗಿಬಂದಿದ್ದೆವು. ದೂರದಲ್ಲಿದ್ದಾರೆ, ಹೊರಗೆ ಹಿಮ, ಮನೆಯಲ್ಲಿ ಬಾಣಂತಿ, ಸುಮ್ಮನೆ ಯಾಕೆ ಮನಸ್ಸಿಗೆ ತ್ರಾಸು ಎಂದು ಎಲ್ಲರೂ ಕೂಡಿ ಹೇಳದಿರಲು ತೀರ್ಮಾನಿಸಿದ್ದೆವು. ವಾರಕ್ಕೊಮ್ಮೆ ಫೋನಿನಲ್ಲಿ "ಎಲ್ಲಾರೂ ಆರಾಮ ಅದಾರ" ಎನ್ನುತ್ತಲೇ ಇದ್ದೆವು.

ಅಣ್ಣ ಮೈದಾನದಿಂದ ನೇರವಾಗಿ ನಮ್ಮ ಮನೆಗೆ ಬಂದರು. ಬಡ್ಡಿಯ ಮಾತು ಬರಬಹುದೆಂದು ಹೆದರಿ ನಾವು ಲೆಕ್ಕದ ಪ್ರತಿ ತೆಗೆದಿಟ್ಟಿದ್ದೆವು. ಅವರು ಅದನ್ನು ನೋಡಲಿಲ್ಲ. "ರೊಕ್ಕದ ಮಾತು ಇರ್ಲಿ ಬಿಡೋ. ಅಂವನ ಸುದ್ದಿ ಯಾಕ ಹೇಳ್ಲಿಲ್ಲ ನೀ? ಅಂವನ ಹೆಂಡ್ತಿಗೆ ಒಂದು ಫೋನರ ಮಾಡ್ತಿದ್ದೆ. ಮೂರು ತಿಂಗಳು ಸುಮ್ಮನಿದ್ದೆ ಅಂತ ಆಕಿ ಏನು ತಿಳ್ಕೊಂಡಿರಬೇಕು?" ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. ಬಾಕಿ ಕಟ್ಟಬಹುದು, ಪಿಂಚಣಿ ಮರಳಿ ಬರುತ್ತದೆ, ಫಸಲು ಮುಂದಿನ ವರ್ಷ ಬಂದೀತು. ಆ ಮೂರು ತಿಂಗಳನ್ನು ಮಾತ್ರ ತಿರುಗಿ ಕೊಡಲಾಗುವುದಿಲ್ಲ.

ಅಂದೇ ಸಂಜೆ ಅಣ್ಣ, ಅತ್ತಿಗೆ, ನಾವು ಕೂಡಿ ಆ ಗೆಳೆಯರ ಮನೆಗೆ ಹೋದೆವು. ಅಣ್ಣ ತಡವಾದದ್ದಕ್ಕೆ ಕ್ಷಮೆ ಕೇಳಿದರು. ಆ ತಾಯಿ "ನಿಮಗ ತಿಳಿಸಿಲ್ಲಂತ ನನಗ ಗೊತ್ತಿತ್ರೀ" ಎಂದು ಹೇಳಿ ಚಹಾ ಮಾಡಿ ಕೊಟ್ಟರು. ಇಬ್ಬರಿಗೂ ಅಷ್ಟು ಸಾಕಾಯಿತು.

ಆದ್ದರಿಂದ ಹೊರಡುವವರು ಮನೆಯವರಿಗೂ ಗೆಳೆಯರಿಗೂ ಸ್ಪಷ್ಟವಾಗಿ ಹೇಳಿಹೋಗಬೇಕು: ಒಳ್ಳೆಯದನ್ನೂ ತಿಳಿಸಿರಿ, ಕೆಟ್ಟದ್ದನ್ನೂ ತಿಳಿಸಿರಿ. ಊರಲ್ಲಿರುವ ನಾವೂ ಅವರನ್ನು ಮಕ್ಕಳಂತೆ ಕಾಣಬಾರದು. ಮರಳಿದ ಮೇಲೆ ಮೊದಲು ಯಾರ ಮನೆಗೆ ಹೋಗಬೇಕೆಂಬ ಯಾದಿ ಮಾಡಿಕೊಳ್ಳುವುದೂ ಒಳ್ಳೆಯದು. ಸಾವಾದ ಮನೆಗೆ ಮೊದಲು, ಕಾಯಿಲೆಯವರ ಮನೆಗೆ ಆಮೇಲೆ, ಮದುವೆ-ಮುಂಜಿಯಾದ ಮನೆಗೆ ಆಮೇಲೆ. ಚಾಕಲೇಟು ಹಂಚುವುದು ತಡವಾದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎರಡು ತಿಂಗಳವರೆಗೆ "ಅಮೇರಿಕಾದಾಗ ಹಿಂಗಿಲ್ಲ ನೋಡ್ರಿ" ಎಂಬ ಮಾತನ್ನು ದಿನಕ್ಕೊಮ್ಮೆಗಿಂತ ಹೆಚ್ಚು ಆಡದಿದ್ದರೆ ಗೆಳೆತನಕ್ಕೆ ಕ್ಷೇಮ.

ಸಂಘದ ವತಿಯಿಂದ ವಿನಂತಿ

ಮೂರು ತಿಂಗಳಿಗಿಂತ ಹೆಚ್ಚು ಕಾಲ ಪರದೇಶಕ್ಕೆ ಹೋಗುವ ಸದಸ್ಯರು ಹೊರಡುವ ಮೊದಲು ಕಚೇರಿಗೆ ಬಂದು ಮೂರು ಸಂಗತಿ ಬರೆಸಿ ಹೋಗಬೇಕೆಂದು ಕೋರುತ್ತೇವೆ: ಮರಳುವ ತಾರೀಖು, ಅಲ್ಲಿಯ ಫೋನ್ ನಂಬರು, ಇಲ್ಲಿ ಅವರ ಪರವಾಗಿ ನೋಡಿಕೊಳ್ಳುವವರ ಹೆಸರು. ಅಣ್ಣನ ಪ್ರಸಂಗವಾದ ಮೇಲೆ ಇದಕ್ಕಾಗಿಯೇ ಒಂದು ವಹಿ ಇಟ್ಟಿದ್ದೇವೆ. ಗಡುವಿನ ನೋಟೀಸಿಗೆ ಸಹಿ ಹಾಕುವ ಮೊದಲು ಈಗ ಆ ವಹಿಯನ್ನು ತೆರೆದು ನೋಡುತ್ತೇವೆ. ಅದರಲ್ಲಿ ಹೆಸರಿದ್ದವರಿಗೆ ಕಾಗದ ಕಳಿಸಿ ಕೂರುವುದಿಲ್ಲ, ಫೋನು ಮಾಡುತ್ತೇವೆ.

ಹೋಗುವವರಿಗೆ ಸುಖಪ್ರಯಾಣ ಕೋರುತ್ತೇವೆ. ಮರಳಿದವರು ನಿದ್ದೆ ದಾರಿಗೆ ಬಂದ ಮೇಲೆ ಕಚೇರಿಯ ಕಡೆ ಬರಬೇಕು. ಲೆಕ್ಕ ನೋಡೋಣ, ಚಹಾ ಕುಡಿಯೋಣ.

— ಕಾರ್ಯದರ್ಶಿ