ನಾಲ್ಕು ವರ್ಷಕ್ಕೊಂದು ಹೊಸ ತಂಡ ಕಟ್ಟಿದ ಜೆರ್ರಿ ಯಾರ್ಕ್

ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ಆಟಗಾರನ ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ. ಹುಡುಗ ಬರುತ್ತಾನೆ, ಪಳಗುತ್ತಾನೆ, ಪದವಿ ಮುಗಿಸಿ ಹೊರಡುತ್ತಾನೆ. ತುಂಬ ಚೆನ್ನಾಗಿ ಆಡುವವನನ್ನು ವೃತ್ತಿಪರ ಲೀಗ್ ಎನ್‌ಎಚ್‌ಎಲ್ ಅದಕ್ಕೂ ಮೊದಲೇ ಕರೆದುಕೊಳ್ಳುತ್ತದೆ. ಉಳಿಯುವವರು ಕೋಚ್ ಮಾತ್ರ. ಜೆರ್ರಿ ಯಾರ್ಕ್ 1972ರಿಂದ 2022ರವರೆಗೆ ಹಾಗೆ ಉಳಿದರು. ಅವರ 1,123 ಗೆಲುವುಗಳು ಅಲ್ಲಿನ ಪುರುಷರ ಕಾಲೇಜು ಹಾಕಿಯ ದಾಖಲೆ.

ಬಾಸ್ಟನ್ ಪಕ್ಕದ ವಾಟರ್‌ಟೌನ್‌ನಲ್ಲಿ 1945ರಲ್ಲಿ ಹುಟ್ಟಿದ ಯಾರ್ಕ್, ಬಾಸ್ಟನ್ ಕಾಲೇಜಿನಲ್ಲೇ ಓದಿ ಆಡಿದವರು. ಕ್ಲಾರ್ಕ್‌ಸನ್ ಕಾಲೇಜಿನಲ್ಲಿ ಕೋಚ್ ಲೆನ್ ಸೆಗ್ಲಾರ್ಸ್ಕಿ ಅವರ ಸಹಾಯಕರಾಗಿದ್ದಾಗ, ಸೆಗ್ಲಾರ್ಸ್ಕಿ ಬಾಸ್ಟನ್ ಕಾಲೇಜಿಗೆ ಹೋದರು. ತಂಡದ ಹೊಣೆ ಯಾರ್ಕ್ ಹೆಗಲಿಗೆ ಬಿತ್ತು. 1979ರಲ್ಲಿ ಒಹಾಯೊದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರಿಗೆ ಸಿಕ್ಕಿದ್ದು ರಾನ್ ಮೇಸನ್ ತೆರವು ಮಾಡಿದ ಜಾಗ. ಅದೇ ಮೇಸನ್ ಅವರ 924 ಗೆಲುವುಗಳ ದಾಖಲೆಯನ್ನು 2012ರ ಡಿಸೆಂಬರ್‌ನಲ್ಲಿ ಯಾರ್ಕ್ ದಾಟಿದರು.

ಬೌಲಿಂಗ್ ಗ್ರೀನ್‌ನ ದೊಡ್ಡ ರಾತ್ರಿ 1984ರದು. ಲೇಕ್ ಪ್ಲಾಸಿಡ್‌ನಲ್ಲಿ ಮಿನ್ನೆಸೋಟ ಡುಲೂತ್ ವಿರುದ್ಧ ರಾಷ್ಟ್ರೀಯ ಪ್ರಶಸ್ತಿಯ ಫೈನಲ್. ಕೊನೆಯ ಅವಧಿಯಲ್ಲಿ ಹಿಂದೆ ಬಿದ್ದಿದ್ದ ತಂಡ ಹೇಗೋ ಸಮ ಮಾಡಿಕೊಂಡಿತು. ಆಮೇಲೆ ಒಂದು, ಎರಡು, ಮೂರು ಹೆಚ್ಚುವರಿ ಅವಧಿಗಳು ಗೋಲಿಲ್ಲದೆ ಮುಗಿದವು. ನಾಲ್ಕನೆಯದರಲ್ಲಿ ಬೌಲಿಂಗ್ ಗ್ರೀನ್‌ನ ಜಿನೊ ಕವಲ್ಲಿನಿ ಗೆಲುವಿನ ಗೋಲು ಹೊಡೆದಾಗ ಆಟಕ್ಕೆ 97 ನಿಮಿಷ 11 ಸೆಕೆಂಡು ಆಗಿತ್ತು. ಮಾಮೂಲಿ ಪಂದ್ಯವಾದರೆ 60 ನಿಮಿಷ.

ಈ ಆಟದಲ್ಲಿ ಕೋಚ್ ಸುಮ್ಮನೆ ನಿಂತು ನೋಡುವ ಹಾಗಿಲ್ಲ. ಮಂಜಿನ ಮೇಲೆ ಗೋಲಿಯ ಜೊತೆ ಐದು ಜನ. ಮುಕ್ಕಾಲು ನಿಮಿಷ ಓಡಿದರೆ ಉಸಿರು ಕಟ್ಟುತ್ತದೆ, ಆಟ ನಡೆಯುತ್ತಿರುವಾಗಲೇ ಬದಲಾಗಬೇಕು. ಬೆಂಚಿನ ಹಿಂದಿರುವ ಕೋಚ್ ಮುಂದಿನ ಹುಡುಗನ ಭುಜ ತಟ್ಟುತ್ತಾರೆ, ಒಬ್ಬ ಒಳಬರುತ್ತಿದ್ದಂತೆ ಇನ್ನೊಬ್ಬ ಕಟಾಂಜನ ಹಾರಿ ಹೊರಗೆ. ಯಾರು ದಣಿದಿದ್ದಾರೆ, ಎದುರಾಳಿಯ ಯಾವ ಜೋಡಿಗೆ ಯಾರನ್ನು ಬಿಡಬೇಕು ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ಹೆಚ್ಚುವರಿ ಅವಧಿಗಳು ಬೆಳೆಯುತ್ತ ಹೋದಂತೆ ಈ ಲೆಕ್ಕವೇ ಪಂದ್ಯವಾಗುತ್ತದೆ.

1994ರಲ್ಲಿ ಯಾರ್ಕ್ ತಮ್ಮ ಹಳೆಯ ಕಾಲೇಜಿಗೆ ಮರಳಿದರು. ಅಲ್ಲಿಯವರೆಗೆ ಬಾಸ್ಟನ್ ಕಾಲೇಜು ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು 1949ರಲ್ಲಿ, ಅದೊಂದೇ ಸಲ. ಮೊದಲ ಮೂರು ವರ್ಷ ಗೆಲುವಿಗಿಂತ ಸೋಲೇ ಹೆಚ್ಚು. 1998ರ ಫೈನಲ್‌ನಲ್ಲಿ, ತಮ್ಮದೇ ಊರಿನಲ್ಲಿ, ಹೆಚ್ಚುವರಿ ಅವಧಿಯಲ್ಲಿ ಮಿಷಿಗನ್‌ಗೆ ಸೋತರು. 2000ದ ಫೈನಲ್‌ನಲ್ಲಿ ನಾರ್ತ್ ಡಕೋಟಾಗೆ ಸೋತರು. ಮರುವರ್ಷ ಅದೇ ನಾರ್ತ್ ಡಕೋಟಾವನ್ನು 3–2ರಿಂದ ಸೋಲಿಸಿ 52 ವರ್ಷದ ಬರ ನೀಗಿಸಿದರು. ಆಮೇಲೆ 2008, 2010, 2012.

ನನ್ನ ಮಟ್ಟಿಗೆ ಅವರ ದೊಡ್ಡಸ್ತಿಕೆ ಇರುವುದು ಹುಡುಗರನ್ನು ಆರಿಸಿದ ರೀತಿಯಲ್ಲಿ. ದೈತ್ಯರನ್ನೇ ಹುಡುಕುತ್ತಿದ್ದ ಆಟದಲ್ಲಿ ಅವರು ಕುಳ್ಳರನ್ನು ನಂಬಿದರು. 2001ರ ನಾಯಕ ಬ್ರಯನ್ ಜಿಯೊಂಟಾ 5 ಅಡಿ 7 ಇಂಚು. 2008ರ ಫೈನಲ್ ಸುತ್ತಿನ ತಾರೆ ನೇಥನ್ ಗರ್ಬಿ ಇನ್ನೂ ಗಿಡ್ಡ. 2014ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಪಡೆದ ಜಾನಿ ಗೌಡ್ರೊ ಕೂಡ ಸಣ್ಣ ಆಳು. ಎನ್‌ಎಚ್‌ಎಲ್ ಕಾಯುತ್ತಿದ್ದರೂ, ತಮ್ಮ ಮ್ಯಾಥ್ಯೂ ಜೊತೆ ಆಡಲೆಂದು ಜಾನಿ ಕಾಲೇಜಿನಲ್ಲಿ ಇನ್ನೊಂದು ವರ್ಷ ಉಳಿದ. ಹಣ ಕೈಬೀಸಿ ಕರೆಯುವಾಗ ಹುಡುಗನಿಗೆ ಉಳಿಯಬೇಕೆನಿಸುವ ತಂಡ ಕಟ್ಟುವುದು ಸುಲಭವಲ್ಲ.

2019ರಲ್ಲಿ ಯಾರ್ಕ್ ಹಾಕಿ ಹಾಲ್ ಆಫ್ ಫೇಮ್ ಸೇರಿದರು. 2022ರ ಏಪ್ರಿಲ್‌ನಲ್ಲಿ ನಿವೃತ್ತಿ ಘೋಷಿಸಿದಾಗ ಅವರಿಗೆ 76. ಅವರ ಜಾಗಕ್ಕೆ ಬಂದ ಗ್ರೆಗ್ ಬ್ರೌನ್ ಅದೇ ಕಾಲೇಜಿಗೆ ಆಡಿದವರು, ಯಾರ್ಕ್ ಅವರಿಗೆ ಹಲವು ವರ್ಷ ಸಹಾಯಕರಾಗಿ ದುಡಿದವರು.