ಮಿಶ್ರತಳಿ ಮೀನುಮರಿಯ ಮೊದಲ ತುತ್ತು

ಡೊಂಬಿವಲಿಯ ಮೀನು ಮಾರುಕಟ್ಟೆಯಲ್ಲಿ ಬಂಗುಡೆ, ಬೂತಾಯಿಗಳ ಪಕ್ಕದಲ್ಲೇ ಸಿಹಿನೀರಿನ ರೋಹು, ಕಾಟ್ಲಾಗಳೂ ಕಾಣಸಿಗುತ್ತವೆ. ಇವನ್ನು ಕಂಡಾಗ, ನಿವೃತ್ತಿಯ ನಂತರ ಊರಿನಲ್ಲಿ ಹೊಂಡ ತೋಡಿ ಮೀನು ಸಾಕುವ ಆಸೆ ಠಾಣೆ, ಕಲ್ಯಾಣ್, ನವಿ ಮುಂಬಯಿಯ ನಮ್ಮವರಲ್ಲಿ ಕೆಲವರಿಗೆ ಮೂಡುವುದುಂಟು. ನನಗೂ ಮೂಡಿತ್ತು.

ಊರಿನಲ್ಲಿ ಭಾವನ ಜತೆ ಸೇರಿ ಹೊಸ ಹೊಂಡಕ್ಕೆ ಬಾವಿಯ ತಿಳಿನೀರು ತುಂಬಿಸಿ, ರೋಹು-ಕಾಟ್ಲಾ ಮಿಶ್ರತಳಿಯ ಎಳೆಮರಿಗಳನ್ನು ಬಿಟ್ಟೆವು. ಹಸಿದಿರಬಹುದೆಂದು ಅಂದೇ ತೌಡು, ಹಿಂಡಿ ಸುರಿದೆವು. ವಾರದೊಳಗೆ ನೀರು ನಾರಿತು, ಮರಿಗಳು ಬಹುತೇಕ ಸತ್ತವು. ಮರಿಯ ಹೊಟ್ಟೆಯ ಲೆಕ್ಕ ನಮಗೆ ತಿಳಿದಿರಲಿಲ್ಲ.

ರೋಹು, ಕಾಟ್ಲಾಗಳಿಗೆ ಬೆಳೆದ ಮೇಲೂ ಜಠರವೆಂಬುದಿಲ್ಲ, ಜೀರ್ಣವಾಗುವುದೆಲ್ಲ ಕರುಳಿನಲ್ಲೇ. ಇವೆರಡರ ಮಿಶ್ರತಳಿಗೂ ಅಷ್ಟೇ. ಮೊಟ್ಟೆಯೊಡೆದು ಬಂದಾಗ ಮರಿಗೆ ಬಾಯಿ ತೆರೆದಿರುವುದಿಲ್ಲ, ಕರುಳು ನೇರವಾದ ಕೊಳವೆಯಷ್ಟೆ. ಸುಮಾರು 3 ದಿನ ಹೊಟ್ಟೆಗಂಟಿದ ಹಳದಿ ಚೀಲವೇ ಅದರ ಬುತ್ತಿ. ಅಷ್ಟರಲ್ಲಿ ಬಾಯಿ ತೆರೆಯುತ್ತದೆ, ಯಕೃತ್ತು ಮತ್ತು ಮೇದೋಜೀರಕ ಗ್ರಂಥಿ ಕೆಲಸಕ್ಕೆ ಅಣಿಯಾಗುತ್ತವೆ. ಆದರೂ ಜೀರ್ಣರಸ ಇನ್ನೂ ಅಲ್ಪ. ಆದ್ದರಿಂದ ಮೊದಲ ತುತ್ತು ರೋಟಿಫರ್‌ನಂಥ ಅತಿಸಣ್ಣ ಜಲಜೀವಿಗಳೇ ಆಗಬೇಕು. ಅದು ಸಕಾಲಕ್ಕೆ ಸಿಗದಿದ್ದರೆ ಕರುಳಿನ ಒಳಪದರ ಸೊರಗುತ್ತದೆ. ಆಮೇಲೆ ಎಷ್ಟು ಹಾಕಿದರೂ ಮರಿ ತಿನ್ನಲಾರದು.

ಬೆಳೆದಂತೆ ಕರುಳು ಸುರುಳಿ ಸುತ್ತಿ ಉದ್ದವಾಗುತ್ತದೆ. ಹೆಚ್ಚಾಗಿ ಸಸ್ಯಾಹಾರಿಯಾದ ರೋಹುವಿನ ಕರುಳು ಬಲು ಉದ್ದ. ನೀರಿನ ಮೇಲ್ಪದರದ ಜಲಜೀವಿಗಳನ್ನು ತಿನ್ನುವ ಕಾಟ್ಲಾದ್ದು ಅದಕ್ಕಿಂತ ಗಿಡ್ಡ. ಮಿಶ್ರತಳಿಗೆ ರೋಹುವಿನ ಚಿಕ್ಕ ತಲೆ, ಕಾಟ್ಲಾದ ದುಂಡು ಮೈ ಬರುತ್ತದೆಂದು ಸಾಕುವವರಿಗೆ ಆಸೆ. ಆದರೆ ಎಳವೆಯಲ್ಲಿ ಮೂರಕ್ಕೂ ಬೇಕಾದ ಆಹಾರ ಒಂದೇ.

ಹಾಗಾಗಿ ಮರಿ ತರುವ ಕೆಲವು ದಿನ ಮೊದಲೇ ಹೊಂಡಕ್ಕೆ ಸೆಗಣಿ ಗೊಬ್ಬರ ಹಾಕಿ ಜಲಜೀವಿಗಳನ್ನು ಬೆಳೆಸಬೇಕು. ನೆಲಗಡಲೆ ಹಿಂಡಿ, ಅಕ್ಕಿ ತೌಡನ್ನು ಸಮನಾಗಿ ಬೆರೆಸಿ, ನುಣ್ಣಗೆ ಪುಡಿ ಮಾಡಿ, ಅಳತೆಯಲ್ಲಿ ಹಾಕುವುದು ಅದರ ಜತೆಗಿನ ಪೂರಕ ಆಹಾರ ಮಾತ್ರ.

ಇನ್ನೊಂದು ಮಾತು. ಈ ಮಿಶ್ರತಳಿ ಬಂಜೆಯಲ್ಲ, ಮರಿ ಹಾಕಬಲ್ಲದು. ಹೊಳೆ, ಕೆರೆ ಸೇರಿದರೆ ಶುದ್ಧ ತಳಿ ಕಲಬೆರಕೆಯಾಗುತ್ತದೆ. ಹೊಂಡದ ನೀರು ಹೊರಹೋಗುವಲ್ಲಿ ಬಲೆ ಕಟ್ಟಿರಿ.

ಮುಂಬಯಿಯ ವರ್ಸೋವಾದಲ್ಲಿ 1961ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಿದೆ. ಊರ ಕಡೆ 1969ರ ಮಂಗಳೂರು ಮೀನುಗಾರಿಕಾ ಕಾಲೇಜಿದೆ. ತಿಳಿದವರನ್ನು ಕೇಳದೆ ನಿವೃತ್ತಿಯ ಹಣವನ್ನು ನೀರಿಗೆ ಹಾಕಬೇಡಿ. ಬ್ಯಾಂಕಿನಲ್ಲಿ ಸಾಲ ಕೊಡುವ ಮೊದಲು ನಾವು ಕಾಗದಪತ್ರ ನೋಡುತ್ತೇವೆ. ಮರಿ ತರುವ ಮೊದಲು ನೀವು ಹೊಂಡದ ನೀರನ್ನು ನೋಡಿರಿ.